ರಾಜ್ಯೋತ್ಸವ ಮುಗಿಯಿತು, ಬೇಸ್ ಬಾಕ್ಸ್ ಗ್ಯಾರೇಜಿಗೆ: ಕೆನಡಾದ ಚಳಿಯಲ್ಲಿ ಯುಗಾದಿವರೆಗೆ ಉಳಿಯುತ್ತದೆಯೇ?

ಪ್ರಶ್ನೆ: ಸರ್, ನಾವು ಕೆನಡಾದ ಕ್ಯಾಲ್ಗರಿಯಲ್ಲಿದ್ದೇವೆ. ಇಲ್ಲಿನ ಕನ್ನಡದ ಗೆಳೆಯರು ಸೇರಿ ಕಟ್ಟಿಕೊಂಡ ಆರ್ಕೆಸ್ಟ್ರಾದಲ್ಲಿ ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ನನ್ನ ಹತ್ತಿರ ಎರಡು ಸ್ಪೀಕರ್ ಬಾಕ್ಸ್ ಇವೆ. ಒಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಹಳೆಯ ಆಂಪೆಗ್ ಕಂಪನಿಯ 8×10, ಅಂದರೆ ಹತ್ತು ಇಂಚಿನ ಎಂಟು ಸ್ಪೀಕರ್ ಇರುವಂಥದ್ದು. ಇನ್ನೊಂದು ಹಗುರವಾದ 2×10, ಮುಂದೆ ಪೋರ್ಟ್ (ಗಾಳಿ ಹೋಗಿಬರುವ ತೂತು) ಇದೆ, ಮೇಲಿನ ಸ್ವರಗಳಿಗೆ ಸಣ್ಣ ಟ್ವೀಟರ್ ಇದೆ, ನಿಯೋಡಿಮಿಯಂ ಮ್ಯಾಗ್ನೆಟ್. ಇಷ್ಟು ದಿನ ಬೇಸ್‌ಮೆಂಟಿನಲ್ಲಿದ್ದವು. ಈ ನವೆಂಬರ್‌ನಲ್ಲಿ ಅತ್ತೆ-ಮಾವ ಊರಿಂದ ಬರುತ್ತಿದ್ದಾರೆ, ಆ ಕೋಣೆ ಅವರಿಗೆ ಬೇಕು. ರಾಜ್ಯೋತ್ಸವದ ಕಾರ್ಯಕ್ರಮ ಮುಗಿದ ಮೇಲೆ ಯುಗಾದಿವರೆಗೆ ಎರಡನ್ನೂ ಹೀಟಿಂಗ್ ಇಲ್ಲದ ಗ್ಯಾರೇಜಿಗೆ ಹಾಕೋಣವೆಂದಿದ್ದೇನೆ. ರಾತ್ರಿ ಮೈನಸ್ 25, ಒಮ್ಮೊಮ್ಮೆ ಮೈನಸ್ 30 ಮುಟ್ಟುತ್ತದೆ. ಕೋನ್ ಒಡೆಯುತ್ತದೆ, ಮ್ಯಾಗ್ನೆಟ್ ಸತ್ತುಹೋಗುತ್ತದೆ ಎಂದು ಒಬ್ಬ ಗೆಳೆಯರು ಹೆದರಿಸಿದ್ದಾರೆ. ಪ್ಲಾಸ್ಟಿಕ್ ಸುತ್ತಿ ಇಟ್ಟರೆ ಏನೂ ಆಗಲ್ಲ ಎಂದು ಇನ್ನೊಬ್ಬರು. ಏನು ಮಾಡಲಿ?

ಉತ್ತರ: ಇಡಬಹುದು. ಆದರೆ ನಿಮ್ಮ ಇಬ್ಬರು ಗೆಳೆಯರ ಮಾತೂ ಸರಿಯಿಲ್ಲ. ಮೊದಲನೆಯವರು ತಪ್ಪು ಜಾಗಕ್ಕೆ ಹೆದರಿದ್ದಾರೆ. ಎರಡನೆಯವರು ಸರಿಯಾದ ವಸ್ತುವನ್ನು ತಪ್ಪು ಹೊತ್ತಿಗೆ ಬಳಸಲು ಹೇಳಿದ್ದಾರೆ.

ನಾನು ಈ ಕೆಲಸ ಕಲಿತದ್ದು ದಾವಣಗೆರೆಯ ಒಂದು ಮೈಕ್ ಸೆಟ್ ಅಂಗಡಿಯ ಹಿಂಬದಿಯಲ್ಲಿ. ಗಣಪತಿ ಹಬ್ಬದ ಮೆರವಣಿಗೆಯಲ್ಲಿ ಮಳೆಗೆ ನೆನೆದು ಬಂದ ಬಾಕ್ಸ್‌ಗಳನ್ನು ಬಿಚ್ಚುವುದು, ಹಳೆ ಕೋನ್ ಕಿತ್ತು ಹೊಸದು ಕೂರಿಸುವುದು, ಕೋನನ್ನು ಅಲುಗಿಸುವ ತಂತಿಸುರುಳಿಯಾದ ಕಾಯಿಲ್ ಸುತ್ತುವುದು. ಈಗ ಹನ್ನೆರಡು ಚಳಿಗಾಲದಿಂದ ಎಡ್ಮಂಟನ್‌ನಲ್ಲಿ ಅದೇ ಕೆಲಸ. ಸೊಂಟದೆತ್ತರ ಹಿಮ ಬೀಳುವ ಊರಿಗೆ ಬಂದ ಮೇಲೆ ಬಾಕ್ಸ್‌ಗಳ ಕಾಯಿಲೆಯೂ ಬೇರೆ ಇರುತ್ತದೆ ಎಂದುಕೊಂಡಿದ್ದೆ. ಇಲ್ಲ. ಅಲ್ಲಿಯೂ ಇಲ್ಲಿಯೂ ನನ್ನ ಮೇಜಿಗೆ ಹೆಚ್ಚು ಬಂದದ್ದು ಒಂದೇ ದೂರು: ಕಾಯಿಲ್ ಓಡಾಡುವ ಸಂದಿಯಲ್ಲಿ ತುಕ್ಕು. ಅಲ್ಲಿ ನೀರು ಆಕಾಶದಿಂದ ಬರುತ್ತಿತ್ತು, ಇಲ್ಲಿ ಗಾಳಿಯಿಂದ ಬರುತ್ತದೆ, ಅಷ್ಟೇ.

ಮೊದಲು ಹೆದರಿಕೆಗಳನ್ನು ಮುಗಿಸಿಬಿಡೋಣ. ನಿಮ್ಮ 8×10ರಲ್ಲಿ ಇರುವುದು ಬಹುಶಃ ಫೆರೈಟ್ ಮ್ಯಾಗ್ನೆಟ್, ಕಪ್ಪು ಸೆರಾಮಿಕ್ ಬಿಲ್ಲೆಯಂಥದ್ದು. ಚಳಿಯಲ್ಲಿ ಫೆರೈಟ್ ಸ್ವಲ್ಪ ದುರ್ಬಲವಾಗುವುದು ನಿಜ. ಹೊರಗಿನ ವಿರುದ್ಧ ಕಾಂತಶಕ್ತಿಯನ್ನು ತಡೆದುಕೊಳ್ಳುವ ತಾಕತ್ತು ಉಷ್ಣತೆ ಇಳಿದಂತೆ ಕಡಿಮೆಯಾಗುತ್ತದೆ. ನಿಮ್ಮ ಗೆಳೆಯರು ಇದನ್ನೇ ಎಲ್ಲೋ ಕೇಳಿರಬೇಕು. ಆದರೆ ಸ್ಪೀಕರ್ ಮಾಡುವವರು ಮ್ಯಾಗ್ನೆಟ್ಟನ್ನು ಸಾಕಷ್ಟು ದಪ್ಪವಾಗಿಯೇ ಕೊಟ್ಟಿರುತ್ತಾರೆ. ಮೈನಸ್ 40ರವರೆಗೆ ಆ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ನಿಯೋಡಿಮಿಯಂ ಇದಕ್ಕೆ ತದ್ವಿರುದ್ಧ. ಅದಕ್ಕೆ ಆಗದಿರುವುದು ಸೆಕೆ. ಸಾಮಾನ್ಯ ದರ್ಜೆಯವು 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳಲು ಶುರುಮಾಡುತ್ತವೆ. ಚಳಿಯಲ್ಲಿ ಇನ್ನೂ ಗಟ್ಟಿ. ನಿಯೋಡಿಮಿಯಂಗೆ ಇರುವ ದೌರ್ಬಲ್ಯ ಇನ್ನೊಂದೇ: ಮೇಲಿನ ನಿಕ್ಕಲ್ ಲೇಪನ ಎಲ್ಲಾದರೂ ಕಿತ್ತಿದ್ದರೆ ತೇವ ತಾಗಿ ಪುಡಿಪುಡಿಯಾಗುತ್ತದೆ. ನೋಡಿ, ಇಲ್ಲೂ ಬಂತು ನೀರು.

ಕೋನ್ ಕಾಗದದ್ದು. ಕಾಗದಕ್ಕೆ ಚಳಿ ಏನೂ ಮಾಡುವುದಿಲ್ಲ. ಕೋನಿನ ಅಂಚಿನಲ್ಲಿರುವ ಸರೌಂಡ್ ಬೇಸ್ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಮಡಿಕೆ ಮಡಿಕೆಯಾದ, ಅಂಟು ಬಳಿದ ಬಟ್ಟೆ. ಮನೆಯ ಹೈಫೈ ಸ್ಪೀಕರ್‌ನಲ್ಲಿರುವಂತೆ ಫೋಮ್ ಅಲ್ಲ. ಫೋಮ್ ಆದರೆ ಹದಿನೈದಿಪ್ಪತ್ತು ವರ್ಷಕ್ಕೆ ಎಲ್ಲಿಟ್ಟರೂ ಉದುರುತ್ತದೆ, ಅದರಲ್ಲಿ ಗ್ಯಾರೇಜಿನ ತಪ್ಪೇನಿಲ್ಲ. ಒಳಗಿನ ಸ್ಪೈಡರ್, ಅಂದರೆ ಕಾಯಿಲನ್ನು ನಟ್ಟನಡುವೆ ಹಿಡಿದಿಡುವ ಅಲೆಅಲೆಯ ಹಳದಿ ಬಿಲ್ಲೆ, ರೆಸಿನ್ ಕುಡಿಸಿದ ಹತ್ತಿ ಬಟ್ಟೆ. ಇವೆಲ್ಲ ಚಳಿಗೆ ಬಿರುಸಾಗುತ್ತವೆ, ಬೆಚ್ಚಗಾದರೆ ಮತ್ತೆ ಮೆತ್ತಗಾಗುತ್ತವೆ. ಬಿರುಸಾಗಿರುವಾಗ ಮುಟ್ಟದಿದ್ದರೆ ಮುರಿಯುವುದಿಲ್ಲ. ಟ್ವೀಟರ್ ಒಳಗೆ ಫೆರೋಫ್ಲೂಯಿಡ್ ಇದ್ದರೆ ಅದೂ ಕೊಬ್ಬರಿ ಎಣ್ಣೆಯ ಹಾಗೆ ಚಳಿಗೆ ಮಂದವಾಗಿ ಆಮೇಲೆ ತಿಳಿಯಾಗುತ್ತದೆ.

ಚಳಿಯೇ ನೇರವಾಗಿ ಹಾಳುಮಾಡುವುದು ಒಂದನ್ನು ಮಾತ್ರ: ಬಾಕ್ಸ್ ಮೇಲೆ ಹೊದಿಸಿದ ಕಪ್ಪು ಟೋಲೆಕ್ಸ್. ಅದು ಪಿವಿಸಿ. ಮೈನಸ್ 25ರಲ್ಲಿ ಹಪ್ಪಳದಂತಾಗಿರುತ್ತದೆ. ಆಗ ಬಾಕ್ಸನ್ನು ಎಳೆದಾಡಿ ಬಾಗಿಲ ಚೌಕಟ್ಟಿಗೆ ಬಡಿಸಿದರೆ ಮೂಲೆಯಲ್ಲಿ ಸೀಳು ಬಿಡುತ್ತದೆ, ಪ್ಲಾಸ್ಟಿಕ್ ಕಾರ್ನರ್‌ಗಳೂ ಚೂರಾಗುತ್ತವೆ. ಆದ್ದರಿಂದ ಸಾಗಿಸುವುದಿದ್ದರೆ ನವೆಂಬರ್‌ನ ಮೊದಲ ವಾರದಲ್ಲೇ, ಬಿಸಿಲಿರುವ ಮಧ್ಯಾಹ್ನ ಸಾಗಿಸಿ. ಅದು ನಿಮ್ಮ ಬೆನ್ನಿಗೂ ಒಳ್ಳೆಯದು. ಹಳೆಯ 8×10 ಎಂದರೆ 60 ಕೆಜಿ ದಾಟುತ್ತದೆ. ಈ ವೃತ್ತಿಯವರು ಅದಕ್ಕೆ ಇಟ್ಟಿರುವ ಅಡ್ಡಹೆಸರು ಫ್ರಿಜ್. ಫ್ರಿಜ್ಜನ್ನೇ ಫ್ರೀಜರಿನಲ್ಲಿಡಲು ಹೊರಟಿದ್ದೀರಿ; ಇಬ್ಬರು ಹಿಡಿಯಿರಿ, ನೆಲದಲ್ಲಿ ಮಂಜುಗಡ್ಡೆ ಕಟ್ಟಿದ ಮೇಲೆ ಬೇಡ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ಹೊರಗಿನಿಂದ ಮನೆಯೊಳಗೆ ಬಂದ ಕೂಡಲೇ ಕನ್ನಡಕ ಮಬ್ಬಾಗುತ್ತದಲ್ಲ, ಅದೇ ಇಲ್ಲಿನ ಇಡೀ ಪಾಠ. ಮನೆಯೊಳಗೆ 21 ಡಿಗ್ರಿ, ತೇವಾಂಶ ಶೇ. 40 ಇದೆ ಎಂದುಕೊಳ್ಳಿ. ಆ ಗಾಳಿ 7 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಸೋಕಿದರೂ ಅಲ್ಲಿ ನೀರು ಬಿಟ್ಟುಹೋಗುತ್ತದೆ. ಅದನ್ನೇ ಇಬ್ಬನಿ ಬಿಂದು ಎನ್ನುವುದು. ಮೈನಸ್ 20ರ ಬಾಕ್ಸನ್ನು ಒಳಗೆ ತಂದಿಟ್ಟರೆ, ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಚೊಂಬು ಬೆವರುವ ಹಾಗೆ ಅದರ ಮೈಯೆಲ್ಲ ಬೆವರುತ್ತದೆ. ಮರದ ಹೊರಮೈ ಬೇಗ ಬೆಚ್ಚಗಾಗಿ ಒಣಗಿದಂತೆ ಕಾಣುತ್ತದೆ. ನೀವು ಒರೆಸಿ ಸುಮ್ಮನಾಗುತ್ತೀರಿ. ಒಳಗೆ ಒಂದೊಂದು ಸ್ಪೀಕರಿನ ಬೆನ್ನಿಗೂ ಕೆಜಿಗಟ್ಟಲೆ ಕಬ್ಬಿಣ ಮತ್ತು ಫೆರೈಟ್ ಇದೆ. ಅದು ಗಂಟೆಗಟ್ಟಲೆ ತಣ್ಣಗೇ ಇರುತ್ತದೆ, ಗಂಟೆಗಟ್ಟಲೆ ನೀರು ಹೀರುತ್ತಲೇ ಇರುತ್ತದೆ.

ಕಾಯಿಲ್ ಓಡಾಡುವ ಸಂದಿ ಎಷ್ಟು ಅಗಲ ಗೊತ್ತೇ? ಕಾಯಿಲಿನ ಎರಡೂ ಬದಿಗೆ ಒಂದು ಮಿಲಿಮೀಟರಿನ ಒಂದಂಶ. ಕೂದಲು ಹೊಕ್ಕರೆ ಕರಕರ ಎನ್ನುವಷ್ಟು ಕಿರಿದು. ಹೊರಗೆ ಕಾಣುವ ಕಬ್ಬಿಣಕ್ಕೆ ಸತುವಿನ ಲೇಪನ ಚೆನ್ನಾಗಿರುತ್ತದೆ, ಸಂದಿಯ ಒಳಗೋಡೆಯಲ್ಲಿ ಅದು ತೆಳು. ಅಲ್ಲಿ ನಾಲ್ಕು ಚಳಿಗಾಲ ನೀರು ಕೂತರೆ ತುಕ್ಕಿನ ಹೊಪ್ಪಳೆ ಏಳುತ್ತದೆ, ಕಾಯಿಲಿನ ಮೈ ಸವರುತ್ತದೆ. ಒಂದು ದಿನ ಕೆಳಗಿನ ಸ್ವರ ನುಡಿಸುವಾಗ ಮರಳು ಕಾಗದ ಉಜ್ಜಿದಂಥ ಸದ್ದು. ಒರೆಸಲು ಕೈ ಹಾಕುವ ಹಾಗಿಲ್ಲ, ಕೋನ್ ಕತ್ತರಿಸಿಯೇ ಒಳಗೆ ಹೋಗಬೇಕು. ರೀಕೋನ್, ಅಂದರೆ ಹಳೆ ಕೋನ್ ಕಿತ್ತು ಹೊಸದು ಕೂರಿಸುವುದೊಂದೇ ದಾರಿ. 8×10 ಆದರೆ ಎಂಟು ಸಲ.

ಹೀಗಾಗಿ ನಾನು ಗಿರಾಕಿಗಳಿಗೆ ಹೇಳುವುದು: ನಿಮ್ಮ ಗ್ಯಾರೇಜ್ ಎಷ್ಟು ತಣ್ಣಗಾಗುತ್ತದೆ ಎಂಬುದಕ್ಕಿಂತ, ಎಷ್ಟು ಸಲ ತಣ್ಣಗಾಗಿ ಬೆಚ್ಚಗಾಗುತ್ತದೆ ಎಂದು ಲೆಕ್ಕ ಹಾಕಿ. ವಿನಿಪೆಗ್‌ನಂತೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೆಪ್ಪುಗಟ್ಟಿಯೇ ಇರುವ ಊರಿನಲ್ಲಿ ಬಾಕ್ಸ್ ಹಾಯಾಗಿ ಮಲಗಿರುತ್ತದೆ. ಮೈನಸ್ 20ರಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಡಬಲ್ಲ ನೀರು ಹೆಚ್ಚುಕಡಿಮೆ ಒಂದು ಗ್ರಾಂ. 20 ಡಿಗ್ರಿಯಲ್ಲಿ ಅದೇ ಗಾಳಿ 17 ಗ್ರಾಂ ಹಿಡಿಯುತ್ತದೆ. ಕಡುಚಳಿಯ ಗಾಳಿಯಲ್ಲಿ ಕೆಡುಕು ಮಾಡಲು ನೀರೇ ಇಲ್ಲ. ಇದನ್ನು ಇನ್ನೊಂದು ಕಡೆಯಿಂದ ನೋಡಿ: ಒಂದು ಗ್ರಾಂ ನೀರಿರುವ ಆ ಗಾಳಿಯನ್ನೇ ಮನೆ ಬೆಚ್ಚಗಿಡುವ ಫರ್ನೇಸ್ 20 ಡಿಗ್ರಿಗೆ ಕಾಯಿಸಿದರೆ ತೇವಾಂಶ ಶೇ. 5–6ಕ್ಕೆ ಇಳಿಯುತ್ತದೆ. ಅಡುಗೆ, ಸ್ನಾನ, ಉಸಿರಿನಿಂದ ಸ್ವಲ್ಪ ಏರುತ್ತದೆ ಅನ್ನಿ. ಆದರೂ ಫರ್ನೇಸ್ ಪಕ್ಕದ ಮೂಲೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಸ್ಪೀಕರ್ ಹಿಡಿದ ಸ್ಕ್ರೂಗಳು ಸಡಿಲವಾಗುತ್ತವೆ, ಗ್ಯಾಸ್ಕೆಟ್ ಸಂದಿಯಲ್ಲಿ ಗಾಳಿ ಸೋರುತ್ತದೆ. ಬರೀ ಮರದ ದೃಷ್ಟಿಯಿಂದ ಹೇಳುವುದಾದರೆ ಆ ಮೂಲೆಗಿಂತ ಗ್ಯಾರೇಜೇ ವಾಸಿ.

ನಿಮ್ಮ ತೊಂದರೆ ಎಂದರೆ ನೀವಿರುವುದು ಕ್ಯಾಲ್ಗರಿ. ನಿಮ್ಮಲ್ಲಿ ಚಿನೂಕ್ ಬೀಸುತ್ತದೆ. ಬೇರೆ ಕಡೆ ಇರುವ ಓದುಗರಿಗಾಗಿ ಹೇಳುತ್ತೇನೆ: ರಾಕಿ ಪರ್ವತ ಹತ್ತಿ ಇಳಿದು ಬರುವ ಬೆಚ್ಚನೆಯ ಗಾಳಿ ಅದು. ಬೆಳಿಗ್ಗೆ ಮೈನಸ್ 18 ಇದ್ದದ್ದು ಮಧ್ಯಾಹ್ನ ಪ್ಲಸ್ 8 ಆಗಿ, ಜನ ಜಾಕೆಟ್ ಬಿಚ್ಚಿ ಓಡಾಡುವ ದಿನಗಳು ಜನವರಿಯಲ್ಲೇ ಇರುತ್ತವೆ. ಈ ಜಾತಿಯ ಗಾಳಿಯ ದಾಖಲೆ ಅಮೆರಿಕದ ದಕ್ಷಿಣ ಡಕೋಟಾದ ಸ್ಪಿಯರ್‌ಫಿಶ್ ಊರಿನದು: 1943ರ ಜನವರಿ 22ರ ಬೆಳಿಗ್ಗೆ ಎರಡೇ ನಿಮಿಷದಲ್ಲಿ ಮೈನಸ್ 20ರಿಂದ ಪ್ಲಸ್ 7 ಡಿಗ್ರಿಗೆ ಏರಿತ್ತು. ಚಿನೂಕ್ ಒಣಗಾಳಿ, ಅದರಲ್ಲೇನು ತೇವ ಎಂದು ನೀವು ಕೇಳಬಹುದು. 10 ಡಿಗ್ರಿಯಲ್ಲಿ ಶೇ. 35ರಷ್ಟೇ ತೇವಾಂಶವಿರುವ ಗಾಳಿಯ ಇಬ್ಬನಿ ಬಿಂದು ಸುಮಾರು ಮೈನಸ್ 5. ನಿಮ್ಮ ಬಾಕ್ಸಿನ ಕಬ್ಬಿಣ ಆಗಿನ್ನೂ ಮೈನಸ್ 15ರಲ್ಲಿ ಕೂತಿದೆ. ಮೊದಲು ಅದರ ಮೇಲೆ ಹಿಮದ ಪುಡಿ ಕೂರುತ್ತದೆ, ಆಮೇಲೆ ಕರಗಿ ನೀರಾಗುತ್ತದೆ. ಜೊತೆಗೆ ಕಾರಿಗಂಟಿಕೊಂಡ ಹಿಮ ಅದೇ ದಿನ ಗ್ಯಾರೇಜಿನಲ್ಲಿ ಕರಗಿ ಕೆರೆಯಾಗಿರುತ್ತದೆ. ಒಂದು ಚಳಿಗಾಲದಲ್ಲಿ ಇಂಥದ್ದು ಹಲವು ಸಲ.

ಇದಕ್ಕಿಂತ ಕೆಟ್ಟದ್ದು ಮಾರ್ಚ್ ಕೊನೆ ಮತ್ತು ಏಪ್ರಿಲ್. ಹೊರಗೆ ಹಿಮ ಕರಗಿ ಗಾಳಿ ತೇವವಾಗಿರುತ್ತದೆ, ಒಳಗೆ ಕಾಂಕ್ರೀಟ್ ನೆಲ ಇನ್ನೂ ಐಸಿನಂತಿರುತ್ತದೆ. ಎಲ್ಲರೂ ‘ಅಬ್ಬ, ಚಳಿ ಹೋಯಿತು’ ಎಂದು ಗ್ಯಾರೇಜ್ ಬಾಗಿಲನ್ನು ಹಾರುಹೊಡೆದು ಬಿಡುವುದು ಆಗಲೇ. ನನ್ನಲ್ಲಿಗೆ ತುಕ್ಕು ಹಿಡಿದ ಸ್ಪೀಕರ್‌ಗಳು ಜನವರಿಯಲ್ಲಿ ಬರುವುದು ಅಪರೂಪ, ಮೇ ತಿಂಗಳಲ್ಲಿ ಸಾಲುಗಟ್ಟುತ್ತವೆ.

ಆದ್ದರಿಂದ ನಮ್ಮ ಕೆಲಸ ಬಾಕ್ಸನ್ನು ಬೆಚ್ಚಗಿಡುವುದಲ್ಲ. ಗಾಳಿ ಎಷ್ಟೇ ಬೇಗ ಬದಲಾದರೂ ಬಾಕ್ಸಿಗೆ ಅದು ನಿಧಾನವಾಗಿ ತಟ್ಟಬೇಕು. ಇದಕ್ಕೆ ದಪ್ಪ ಹೊದಿಕೆಗಿಂತ ಒಳ್ಳೆಯ ಉಪಕರಣವಿಲ್ಲ. ಕಂಪನಿಯ ಕ್ವಿಲ್ಟ್ ಕವರ್ ಇದ್ದರೆ ಸರಿ, ಇಲ್ಲದಿದ್ದರೆ ಮನೆ ಸಾಮಾನು ಸಾಗಿಸುವವರು ಬಳಸುವ ದಪ್ಪ ಹೊದಿಕೆ ಎರಡು ಸುತ್ತು. ಊರಿಂದ ತಂದ ಹಳೆ ಕೌದಿ ಇದ್ದರೂ ಆದೀತು. ಅದರ ಮೇಲೆ ಪ್ಲಾಸ್ಟಿಕ್ ಬಿಗಿಯಾಗಿ ಕಟ್ಟಬೇಡಿ. ಬೇಸ್‌ಮೆಂಟಿನ ಗಾಳಿಯಲ್ಲಿದ್ದ ಬಾಕ್ಸನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಚಳಿಗೆ ಹಾಕಿದರೆ, ಒಳಗೆ ಸಿಕ್ಕಿಕೊಂಡ ಗಾಳಿಯ ಮತ್ತು ಮರದ ತೇವವೆಲ್ಲ ಪ್ಲಾಸ್ಟಿಕ್ಕಿನ ಒಳಮೈಗೆ ಕೂತು ಹನಿಯುತ್ತದೆ. ಡಬ್ಬಿಗೆ ಬಿಸಿ ಚಪಾತಿ ಹಾಕಿ ಮುಚ್ಚಿಟ್ಟ ಹಾಗೆ. ಮೇಲಿನಿಂದ ನೀರು ಬೀಳುವ ಭಯವಿದ್ದರೆ ಟಾರ್ಪಾಲನ್ನು ಕೊಡೆಯಂತೆ ಮೇಲೆ ಮಾತ್ರ ಹೊದಿಸಿ, ಬದಿಗಳು ಉಸಿರಾಡಲಿ.

ಜಾಗ ಯಾವುದು? ಗ್ಯಾರೇಜ್ ಮನೆಗೆ ಅಂಟಿಕೊಂಡಿದ್ದರೆ ಮನೆಯ ಕಡೆಯ ಗೋಡೆ. ಅಲ್ಲಿ ಕೆಲವು ಡಿಗ್ರಿ ಹೆಚ್ಚಿರುತ್ತದೆ, ಏರಿಳಿತವೂ ಕಡಿಮೆ. ದೊಡ್ಡ ಬಾಗಿಲಿನ ಹತ್ತಿರ ಬೇಡ. ಗೋಡೆಗೆ ತಾಗಿಸದೆ ಒಂದು ಗೇಣು ಜಾಗ ಬಿಡಿ. ನೆಲದ ಮೇಲೆ ನೇರವಾಗಿ ಯಾವ ಕಾರಣಕ್ಕೂ ಇಡಬೇಡಿ. ಕಾಂಕ್ರೀಟು ಕೆಳಗಿನ ತೇವವನ್ನು ಮೇಲೆ ಎಳೆದು ಕೊಡುತ್ತಲೇ ಇರುತ್ತದೆ, ಮೇಲಿಂದ ಕಾರಿನ ಹಿಮನೀರು ಹರಿದು ಬರುತ್ತದೆ. ಅದೂ ಬರೀ ನೀರಲ್ಲ, ರಸ್ತೆಗೆ ಎರಚಿದ ಉಪ್ಪಿನ ನೀರು. ಆ ಉಪ್ಪು ಒಣಗಿದ ಮೇಲೂ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ. ಪಾರ್ಟಿಕಲ್ ಬೋರ್ಡಿನ ಬಾಕ್ಸ್ ಒಂದು ಸಲ ಬುಡದಲ್ಲಿ ನೀರು ಕುಡಿದು ಊದಿಕೊಂಡರೆ ಮತ್ತೆ ಮೊದಲಿನಂತಾಗುವುದಿಲ್ಲ. ಪ್ಲೈವುಡ್ ಪದರ ಬಿಡುತ್ತದೆ. ಎರಡು ಮರದ ತುಂಡು ಅಥವಾ ಸರಕಿನ ಪ್ಯಾಲೆಟ್ ಹಾಕಿ ನಾಲ್ಕು ಇಂಚು ಎತ್ತರಿಸಿ. 8×10ಕ್ಕೆ ಚಕ್ರಗಳಿದ್ದರೂ ಎತ್ತರ ಸಾಲದು. ನಿಲ್ಲಿಸಿಯೇ ಇಡಿ. ಬೆನ್ನಡಿಯಾಗಿ ಮಲಗಿಸಿದರೆ ಕೋನಿನ ಭಾರವೆಲ್ಲ ತಿಂಗಳುಗಟ್ಟಲೆ ಸ್ಪೈಡರ್ ಮೇಲೆ ಒಂದೇ ಕಡೆಗೆ ಜೋತುಬೀಳುತ್ತದೆ.

ಸಿಲಿಕಾ ಜೆಲ್ ಪೊಟ್ಟಣ ಇಡಲೇ ಎಂದು ಎಲ್ಲರೂ ಕೇಳುತ್ತಾರೆ. ಮುಚ್ಚಿದ ಡಬ್ಬಿಯಲ್ಲಿ ಅದು ಕೆಲಸ ಮಾಡುತ್ತದೆ. ಎರಡು ಕಾರು ನಿಲ್ಲುವ ಗ್ಯಾರೇಜಿನಲ್ಲಿ ಕವರಿನೊಳಗೆ ನಾಲ್ಕು ಪೊಟ್ಟಣ ತುರುಕುವುದು ಸಮುದ್ರವನ್ನು ಸ್ಪಂಜಿನಲ್ಲಿ ಒರೆಸಿದ ಹಾಗೆ. ಆ ದುಡ್ಡಿಗೆ ಗರಿಷ್ಠ-ಕನಿಷ್ಠ ನೆನಪಿಟ್ಟುಕೊಳ್ಳುವ ಒಂದು ಡಿಜಿಟಲ್ ಉಷ್ಣತೆ-ತೇವಾಂಶ ಮಾಪಕ ಕೊಂಡು ಹೊದಿಕೆಯ ಕೆಳಗಿಡಿ. ನಾನು ದೂರದಿಂದ ಹೇಳುವುದಕ್ಕಿಂತ ಹೆಚ್ಚನ್ನು ಅದೇ ನಿಮಗೆ ಹೇಳುತ್ತದೆ.

ಹೀಟರ್ ವಿಷಯ ಎತ್ತದೆ ಬಿಟ್ಟರೆ ತಪ್ಪಾಗುತ್ತದೆ. ಕಳೆದ ವರ್ಷ ಒಬ್ಬ ಗಿರಾಕಿ ಗ್ಯಾರೇಜಿನಲ್ಲಿ ವಾರಾಂತ್ಯಕ್ಕೆ ಪ್ರೋಪೇನ್ ಹೀಟರ್ ಹಚ್ಚುತ್ತಿದ್ದರು, ‘ಬಾಕ್ಸ್‌ಗಳಿಗೂ ಒಳ್ಳೆಯದಲ್ಲವಾ’ ಎಂದು. ಒಂದು ಕೆಜಿ ಪ್ರೋಪೇನ್ ಉರಿದರೆ ಸುಮಾರು 1.6 ಕೆಜಿ ನೀರು ಆವಿಯಾಗಿ ಹುಟ್ಟುತ್ತದೆ. ಚಿಮಣಿ ಇಲ್ಲದ ಹೀಟರ್ ಆದರೆ ಅಷ್ಟೂ ನೀರು ಆ ಗ್ಯಾರೇಜಿನಲ್ಲೇ, ತಣ್ಣಗಿರುವ ಕಬ್ಬಿಣವನ್ನು ಹುಡುಕಿಕೊಂಡು ಹೋಗುತ್ತದೆ. ಅವರು ವಾರಕ್ಕೊಮ್ಮೆ ತಮ್ಮ ಬಾಕ್ಸ್‌ಗಳಿಗೆ ಆವಿ ಸ್ನಾನ ಮಾಡಿಸುತ್ತಿದ್ದರು. ಕಾರ್ಬನ್ ಮೊನಾಕ್ಸೈಡ್ ಅಪಾಯ ಬೇರೆ. ಕವರಿನೊಳಗೆ ಬಲ್ಬ್ ಉರಿಸಿಡುವ ಹಳೆ ಉಪಾಯವನ್ನೂ ಮಾಡಬೇಡಿ, ಬೆಂಕಿ ಹತ್ತಿದರೆ ಬಾಕ್ಸ್ ಜೊತೆ ಮನೆಯೂ ಹೋಗುತ್ತದೆ.

ಇಲಿ. ನಗಬೇಡಿ. ಚಳಿಗಿಂತ ಹೆಚ್ಚು ಬಾಕ್ಸ್‌ಗಳನ್ನು ಇಲಿಗಳು ಹಾಳುಮಾಡಿದ್ದನ್ನು ನಾನು ನೋಡಿದ್ದೇನೆ. ನಮ್ಮ ಆಲ್ಬರ್ಟಾ 1950ರಿಂದ ದೊಡ್ಡ ಇಲಿಗಳ ವಿರುದ್ಧ ಕಾರ್ಯಾಚರಣೆ ನಡೆಸಿ, ಅವು ನೆಲೆಯೂರದ ಪ್ರಾಂತವೆಂದು ಹೆಮ್ಮೆಪಡುತ್ತದೆ. ಆದರೆ ಚಿಕ್ಕ ಇಲಿಗಳಿಗೇನೂ ಬರವಿಲ್ಲ. ಅಕ್ಟೋಬರ್‌ನಲ್ಲಿ ಅವು ಬೆಚ್ಚನೆಯ ಬಿಲ ಹುಡುಕುತ್ತವೆ. ನಿಮ್ಮ 2×10ರ ಪೋರ್ಟ್ ನೋಡಿ: ದುಂಡನೆಯ ಬಾಗಿಲು, ಒಳಗೆ ಕತ್ತಲು, ಗೋಡೆಗೆಲ್ಲ ಮೆತ್ತನೆಯ ಹತ್ತಿಯಂಥ ಪ್ಯಾಡಿಂಗ್. ಬಾಣಂತಿ ಕೋಣೆಯನ್ನೇ ಕಟ್ಟಿಕೊಟ್ಟ ಹಾಗಿದೆ. ನಾನು ಬಿಚ್ಚಿದ ಒಂದು ಬಾಕ್ಸಿನಲ್ಲಿ ಪ್ಯಾಡಿಂಗೆಲ್ಲ ಒಂದು ಮೂಲೆಯಲ್ಲಿ ಗೂಡಾಗಿತ್ತು, ಕೋನಿನ ಹಿಂಬದಿಯಲ್ಲಿ ಚಂದ್ರನ ಆಕಾರದಲ್ಲಿ ಕಡಿದ ಗುರುತು, ಕಾಯಿಲಿಗೆ ಹೋಗುವ ಹೆಣೆದ ತಂತಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು.

ಪೆನ್ಸಿಲ್ ತೂರುವಷ್ಟು, ಅಂದರೆ 6 ಮಿಲಿಮೀಟರ್ ತೂತು ಸಾಕು ಅವಕ್ಕೆ. ಫೋಮ್ ತುಂಡು ತುರುಕಿದರೆ ಅದನ್ನೇ ಕಡಿದು ಹಾಸಿಗೆ ಮಾಡಿಕೊಳ್ಳುತ್ತವೆ. ಸಣ್ಣ ಕಣ್ಣಿನ ಕಬ್ಬಿಣದ ಜಾಲರಿಯನ್ನು ಪೋರ್ಟ್ ಮೇಲೆ ಬಿಗಿಯಾಗಿ ಕಟ್ಟಿ, ಅಥವಾ ಹಳೆ ಬಿಸ್ಕತ್ತಿನ ಡಬ್ಬಿಯ ತಗಡಿನ ಮುಚ್ಚಳ ಟೇಪು ಹಚ್ಚಿ. ನುಡಿಸುವ ಮುಂಚೆ ತೆಗೆಯಲು ಮಾತ್ರ ಮರೆಯಬೇಡಿ. ಹಿಂಬದಿಯಲ್ಲಿ ಕೇಬಲ್ ಸಿಕ್ಕಿಸುವ ಜಾಕ್ ಮತ್ತು ಸ್ಪೀಕಾನ್ ತೂತುಗಳಿಗೆ ಟೇಪ್ ಅಂಟಿಸಿದರೆ ಧೂಳೂ ಹೋಗುವುದಿಲ್ಲ. ಹಳೆಯ 8×10ರಲ್ಲಿ ಈ ತಲೆನೋವಿಲ್ಲ, ಅದು ನಾಲ್ಕೂ ಕಡೆ ಮುಚ್ಚಿದ ಬಾಕ್ಸ್. ಒಳಗೆ ನಾಲ್ಕು ಕೋಣೆ, ಕೋಣೆಗೆರಡು ಸ್ಪೀಕರ್, ಪೋರ್ಟ್ ಇಲ್ಲ.

ಒಂದು ವೇಳೆ ಇಲಿ ಹೊಕ್ಕಿದ್ದು ಕಂಡರೆ ಆತುರದಲ್ಲಿ ಗುಡಿಸಬೇಡಿ, ವ್ಯಾಕ್ಯೂಮ್ ಹಾಕಬೇಡಿ, ಮುಖ್ಯವಾಗಿ ನುಡಿಸಬೇಡಿ. ಪಶ್ಚಿಮ ಕೆನಡಾದ ಡೀರ್ ಮೌಸ್ ಎಂಬ ಇಲಿ ಹಂಟಾ ವೈರಸ್ ಹೊತ್ತಿರಬಹುದು. ಒಣಗಿದ ಹಿಕ್ಕೆ, ಮೂತ್ರದ ಧೂಳು ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಹತ್ತುವ ಕಾಯಿಲೆ ಅದು, ಅಪರೂಪವಾದರೂ ಪ್ರಾಣಕ್ಕೆ ಬರುವಂಥದ್ದು. ಬೇಸ್ ಬಾಕ್ಸಿನ ಪೋರ್ಟ್ ಎಂದರೆ ಪ್ರತಿ ಸ್ವರಕ್ಕೂ ಗಾಳಿ ಊದುವ ತಿದಿ. ಒಳಗಿನ ಧೂಳನ್ನೆಲ್ಲ ನಿಮ್ಮ ಮುಖಕ್ಕೆ ಉಗುಳುತ್ತದೆ. ಕೈಗವಸು, ಒಳ್ಳೆಯ ಮಾಸ್ಕ್ ಹಾಕಿ, ಹೊರಗೆ ಗಾಳಿಯಲ್ಲಿ ಹಿಂಬದಿ ತೆಗೆದು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಗೂಡಿನ ಮೇಲೆ ಚಿಮುಕಿಸಿ, ಐದು ನಿಮಿಷ ನೆನೆಯಲು ಬಿಟ್ಟು, ಆಮೇಲೆ ಒದ್ದೆ ಬಟ್ಟೆಯಲ್ಲಿ ಎತ್ತಿ. ಕೋನಿಗೆ ಬ್ಲೀಚ್ ತಾಗದಂತೆ ನೋಡಿಕೊಳ್ಳಿ. ತಾಗಿದರೂ ಚಿಂತೆಯಿಲ್ಲ, ಕೋನ್ ಹೊಸದು ಸಿಗುತ್ತದೆ.

ಗ್ಯಾರೇಜಿಗೆ ಹೋಗಬಾರದ ವಸ್ತುಗಳೂ ಇವೆ. ಆಂಪ್ ಹೆಡ್, ಅಂದರೆ ಬಾಕ್ಸಿಗೆ ಸದ್ದು ಕಳಿಸುವ ಆಂಪ್ಲಿಫೈಯರ್, ಮನೆಯೊಳಗೇ ಇರಲಿ. ಈಗಿನವು ಊಟದ ಡಬ್ಬಿಯಷ್ಟೇ ಇರುತ್ತವೆ, ಕಪಾಟಿನಲ್ಲಿ ಕೂರುತ್ತವೆ. ವಾಲ್ವ್ ಆಂಪ್ ಆದರೆ ಇನ್ನೂ ಮುಖ್ಯ: ಒಳಗೆ ತೇವ ಕೂತಿರುವಾಗ ನೂರಾರು ವೋಲ್ಟ್ ಹಾಯಿಸುವುದು ಜಾಣತನವಲ್ಲ. ಬ್ಯಾಟರಿ ಇರುವ ಪೋರ್ಟಬಲ್ ಸ್ಪೀಕರ್ ಇದ್ದರೆ ಅದೂ ಒಳಗೆ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೊಳಗೇ ಶಾಶ್ವತವಾಗಿ ಹಾಳಾಗುತ್ತದೆ. ಪೆಡಲುಗಳಿಂದ 9 ವೋಲ್ಟ್ ಬ್ಯಾಟರಿ ತೆಗೆದಿಡಿ. ಬೇಸ್ ಗಿಟಾರನ್ನು ಗ್ಯಾರೇಜಿನಲ್ಲಿಡುತ್ತೇನೆ ಎಂದು ನೀವು ಕೇಳಿಲ್ಲ, ಕೇಳುವುದೂ ಬೇಡ. ನಿಮ್ಮ ತಂಡದಲ್ಲಿ ತಬಲ, ಮೃದಂಗ, ವೀಣೆ ಇರುವವರಿಗೂ ಇದೇ ಮಾತು. ಚರ್ಮಕ್ಕೆ ಮತ್ತು ಹಲಸಿನ ಮರಕ್ಕೆ ಬೇಸ್ ಬಾಕ್ಸಿನ ಸಹನೆ ಇಲ್ಲ.

ಈಗ ನಿಮ್ಮ ಎರಡನೇ ಗೆಳೆಯರ ಪ್ಲಾಸ್ಟಿಕ್ಕಿಗೆ ಬರೋಣ. ಅದರ ಹೊತ್ತು ಬರುವುದು ಯುಗಾದಿಗೆ. ಬಾಕ್ಸನ್ನು ಗ್ಯಾರೇಜಿನಿಂದ ಒಳಗೆ ತರುವ ಮುಂಚೆ, ಗ್ಯಾರೇಜಿನಲ್ಲೇ, ತಣ್ಣಗಿರುವಾಗಲೇ, ಹೊದಿಕೆ ಸಮೇತ ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾಯಿಗೆ ಟೇಪ್ ಸುತ್ತಿ. ಮನೆ ಬದಲಿಸುವಾಗ ಹಾಸಿಗೆಗೆ ಹಾಕುವ ಚೀಲ 8×10ಕ್ಕೂ ಆಗುತ್ತದೆ. ಒಳಗೆ ಸಿಕ್ಕಿಕೊಳ್ಳುವುದು ಗ್ಯಾರೇಜಿನ ಒಣಗಾಳಿ. ಮನೆಯೊಳಗೆ ತಂದ ಮೇಲೆ ನೀರು ಕೂರುವುದು ಪ್ಲಾಸ್ಟಿಕ್ಕಿನ ಹೊರಮೈಗೆ. ನೀವು ನೋಡುತ್ತಿರುವಂತೆಯೇ ಹನಿಯುತ್ತದೆ, ಬಾಕ್ಸಿಗೆ ತಾಗುವುದಿಲ್ಲ. ಹಾಗೆಯೇ ಬಿಡಿ. 2×10ಕ್ಕೆ ಒಂದು ರಾತ್ರಿ ಸಾಕು, ಫ್ರಿಜ್ಜಿಗೆ ಒಂದು ದಿನ ಕೊಡಿ. ಬಿಚ್ಚುವ ಮುಂಚೆ ಚೀಲದ ಮೇಲಿಂದ ಜಾಕ್ ಇರುವ ಲೋಹದ ತಟ್ಟೆಯನ್ನು ಒತ್ತಿ ನೋಡಿ. ಇನ್ನೂ ತಣ್ಣಗಿದ್ದರೆ ಒಳಗಿನ ಮ್ಯಾಗ್ನೆಟ್ ಅದಕ್ಕಿಂತ ತಣ್ಣಗಿದೆ ಎಂದರ್ಥ.

ಇಲ್ಲಿ ಎಲ್ಲರೂ ಎಡವುವುದು ಕಾರ್ಯಕ್ರಮದ ದಿನವೇ. ಬೆಳಿಗ್ಗೆ ಏಳಕ್ಕೆ ಗ್ಯಾರೇಜಿನಿಂದ ನೇರವಾಗಿ ವ್ಯಾನಿಗೆ, ವ್ಯಾನಿನಿಂದ ಹಾಲಿಗೆ. ಯುಗಾದಿ ಹಾಲ್ ಎಂದರೆ ಗೊತ್ತಲ್ಲ: ಮುನ್ನೂರು ಜನರ ಉಸಿರು, ಪಕ್ಕದಲ್ಲೇ ಬಿಸಿಬೇಳೆಬಾತಿನ ಹಬೆ, ಬಾಗಿಲಲ್ಲಿ ಒದ್ದೆ ಬೂಟುಗಳ ರಾಶಿ. ಊರಿನಲ್ಲೆಲ್ಲ ಅಷ್ಟು ತೇವದ ಗಾಳಿ ಇನ್ನೆಲ್ಲೂ ಇರುವುದಿಲ್ಲ. ಅಲ್ಲಿ ಕವರ್ ತೆಗೆದು ಹತ್ತು ನಿಮಿಷಕ್ಕೆ ಸೌಂಡ್ ಚೆಕ್. ಕೋನಿನ ಕಾಗದ ನೆನೆದಿದೆ, ಸ್ಪೈಡರ್ ಇನ್ನೂ ಬಿರುಸಾಗಿದೆ, ಕಾಯಿಲ್ ಒಂದೇ ಸಲ ಕಾದು ಕೆಂಡವಾಗುತ್ತದೆ. ನಾನೂ ಮಾಡಿದ್ದೇನೆ. ಇಲ್ಲಿಗೆ ಬಂದ ಮೊದಲ ಚಳಿಗಾಲ, ಹೊರಗೆ ಮೈನಸ್ 28, ಒಂದು 15 ಇಂಚಿನ ಬಾಕ್ಸನ್ನು ವ್ಯಾನಿನಿಂದಿಳಿಸಿ ಆಗಲೇ ಜೋರಾಗಿ ಬಿಟ್ಟೆ. ಆ ಸಂಜೆ ಏನೂ ಆಗಲಿಲ್ಲ. ಏನೂ ಆಗಲಿಲ್ಲವಲ್ಲ ಎಂದು ಆ ಚಳಿಗಾಲವೆಲ್ಲ ಹಾಗೇ ಮಾಡಿದೆ. ಬೇಸಿಗೆಯಲ್ಲಿ ಬಿಚ್ಚಿದಾಗ ಸಂದಿಯಲ್ಲಿ ಕೆಂಪು ಪುಡಿ.

ಆದ್ದರಿಂದ ಕಾರ್ಯಕ್ರಮಕ್ಕೆ ಎರಡು ದಿನ ಮುಂಚೆಯೇ ಬಾಕ್ಸ್ ಮನೆಯೊಳಗೆ ಬಂದಿರಲಿ. ಅತ್ತೆ-ಮಾವ ಎರಡು ದಿನ ಅದರ ಪಕ್ಕದಲ್ಲಿ ಓಡಾಡಿಯಾರು. ಅದು ಆಗದಿದ್ದರೆ 8×10ರ ಆಸೆ ಬಿಡಿ, ಬರೀ 2×10 ಒಯ್ಯಿರಿ. ನಿಜ ಹೇಳಬೇಕೆಂದರೆ ನಾನಾಗಿದ್ದರೆ ಆ 2×10ನ್ನು ಗ್ಯಾರೇಜಿಗೇ ಹಾಕುತ್ತಿರಲಿಲ್ಲ. ಅದು ಹಗುರ, ಪೋರ್ಟ್ ಇದೆ, ಇಲಿಗೆ ಪ್ರಿಯ, ಮೇಲಾಗಿ ನಿಮಗೆ ಮನೆಯಲ್ಲಿ ಅಭ್ಯಾಸಕ್ಕೂ ಬೇಕು. ಕೋಟು ನೇತುಹಾಕುವ ಕಪಾಟಿನ ತಳದಲ್ಲಿ, ಬೂಟುಗಳಿಂದ ಸ್ವಲ್ಪ ದೂರ, ಅದು ಕೂರುತ್ತದೆ. ಗ್ಯಾರೇಜಿಗೆ ಹೋಗಲು ಯೋಗ್ಯ ಎಂದರೆ ಮುಚ್ಚಿದ ಮೈಯ ಆ ಫ್ರಿಜ್ಜೇ. ಬಾಡಿಗೆಗೆ ಸಿಗುವ ಸ್ಟೋರೇಜ್ ಕೋಣೆಯ ಯೋಚನೆ ಇದ್ದರೆ ಬೆಚ್ಚಗಿದೆಯೇ ಎಂದು ಮಾತ್ರ ಕೇಳಬೇಡಿ, ತೇವಾಂಶವನ್ನೂ ಹತೋಟಿಯಲ್ಲಿಡುತ್ತಾರೆಯೇ ಎಂದು ಕೇಳಿ. ಹಲವು ಕಡೆ ಮೊದಲನೆಯದು ಮಾತ್ರ ಇರುತ್ತದೆ.

ಗ್ಯಾರೇಜಿನಲ್ಲಿಡುವ ಮುಂಚಿನ ಕೆಲಸ ಸ್ವಲ್ಪ: ರಾಜ್ಯೋತ್ಸವದಲ್ಲಿ ಯಾರಾದರೂ ಮೇಲೆ ಚೆಲ್ಲಿದ ಜ್ಯೂಸ್, ಪಾನಕ ಒರೆಸಿ, ಎರಡು ದಿನ ಕೋಣೆಯಲ್ಲಿ ಒಣಗಲು ಬಿಡಿ. ಮಲ್ಟಿಮೀಟರಿನಲ್ಲಿ ಓಮ್, ಅಂದರೆ ವಿದ್ಯುತ್ತಿಗಿರುವ ತಡೆ, ಅಳೆದು ಒಂದು ಚೀಟಿಯಲ್ಲಿ ಬರೆದು ಬಾಕ್ಸಿನ ಬೆನ್ನಿಗೆ ಅಂಟಿಸಿ. 4 ಓಮಿನ ಬಾಕ್ಸ್ ಮೀಟರಿನಲ್ಲಿ 3ರಿಂದ 3.5 ತೋರಿಸುತ್ತದೆ, 8 ಓಮಿನದು ಸುಮಾರು 6. ವಸಂತದಲ್ಲಿ ಹೋಲಿಸಲು ಬೇಕಾಗುತ್ತದೆ. ಆದರೆ 8×10ರಲ್ಲಿ ಇದನ್ನೊಂದೇ ನಂಬಬೇಡಿ: ಅದರಲ್ಲಿ ಎಂಟು ಸ್ಪೀಕರ್ ಒಟ್ಟಿಗಿರುವುದರಿಂದ ಒಂದು ಸತ್ತರೂ ಓಮ್ ಬದಲಾಗುವುದು ಅತ್ಯಲ್ಪ. ಮೆಲ್ಲಗೆ ನುಡಿಸುತ್ತ ಒಂದೊಂದು ಕೋನಿನ ಮುಂದೆಯೂ ಅಂಗೈ ಹಿಡಿದು ಅಲುಗಾಟ ಗೊತ್ತಾಗುತ್ತದೆಯೇ ನೋಡಬೇಕು.

ಯುಗಾದಿಗೆ ಹೊರತೆಗೆದ ಮೇಲೂ ಅದೇ ಕ್ರಮ. ಮೊದಲು ಓಮ್, ಆಮೇಲೆ ಗ್ರಿಲ್ ತೆಗೆದು ಎರಡೂ ಕೈಯ ಬೆರಳುಗಳನ್ನು ಕೋನಿನ ನಡುವಿನ ಗುಮ್ಮಟದ ಸುತ್ತ ಸಮನಾಗಿ ಇಟ್ಟು ಅರ್ಧ ಸೆಂಟಿಮೀಟರಿನಷ್ಟು ಒಳಗೆ ಒತ್ತಿ ಬಿಡಿ. ಸದ್ದಿಲ್ಲದೆ ಹೋಗಿ ಬರಬೇಕು. ಆಮೇಲೆ ಕೆಳಗಿನ ‘ಇ’ ತಂತಿ, ಅದು 41 ಹರ್ಟ್ಜ್, ಮಾತಿನ ಸದ್ದಿಗಿಂತ ಜೋರಾಗದಂತೆ ಹದಿನೈದಿಪ್ಪತ್ತು ನಿಮಿಷ ನುಡಿಸಿ. ಸ್ಪೈಡರ್ ಸಡಿಲವಾಗಲು ಅಷ್ಟು ಬೇಕು. ಕರಕರ ಸದ್ದು ಬಂದರೆ ‘ನುಡಿಸುತ್ತಾ ನುಡಿಸುತ್ತಾ ಸರಿಹೋಗುತ್ತದೆ’ ಎಂದು ಜೋರು ಮಾಡಬೇಡಿ. ತುಕ್ಕಿನ ಪುಡಿ ಕಾಯಿಲಿನ ಅರಗನ್ನು ಕೆರೆದು ಶಾರ್ಟ್ ಮಾಡಿಬಿಟ್ಟರೆ ಆಂಪೂ ಜೊತೆಗೆ ಹೋಗುತ್ತದೆ. ಯಾವ ಸ್ಪೀಕರ್ ಎಂದು ಗುರುತು ಹಾಕಿ, ಅದೊಂದನ್ನು ಬಿಚ್ಚಿ ಮುಖ ಕೆಳಗಾಗಿಸಿ ಒಣ ಕೋಣೆಯಲ್ಲಿ ಒಂದು ವಾರ ಇಡಿ. ಬರೀ ತೇವವಾಗಿದ್ದರೆ ಅಷ್ಟರಲ್ಲಿ ಸದ್ದು ಹೋಗಿರುತ್ತದೆ. ಹೋಗದಿದ್ದರೆ ಅದು ರೀಕೋನ್ ಮಾಡುವವರ ಮೇಜಿಗೆ ಬರಬೇಕಾದದ್ದು.